ಗಾಯೆತಾನ್ ದ ಕ್ಲೆರಾಂಬೋ

ಗಾಯೆತಾನ್ ಗಾಸಿಯಾನ್ ದ ಕ್ಲೆರಾಂಬೋ (ಜುಲೈ 2, 1872 – ನವೆಂಬರ್ 17, 1934) ಫ್ರಾನ್ಸ್ ದೇಶದ ಮನೋವೈದ್ಯರು ಹಾಗೂ ಛಾಯಾಗ್ರಾಹಕರು. ಉನ್ನತ ಸ್ಥಾನದಲ್ಲಿರುವ ವ್ಯಕ್ತಿಯೊಬ್ಬರು ತಮ್ಮನ್ನು ಗುಪ್ತವಾಗಿ ಪ್ರೀತಿಸುತ್ತಿದ್ದಾರೆಂದು ದೃಢವಾಗಿ ನಂಬುವ ಮನೋವಿಕಾರಕ್ಕೆ ಇವರ ಹೆಸರನ್ನೇ ಇಡಲಾಗಿದೆ. ರೇಷ್ಮೆಯ ಸ್ಪರ್ಶದಿಂದಲೇ ಕಾಮಸುಖ ಪಡೆಯುತ್ತಿದ್ದ ಸ್ತ್ರೀಯರನ್ನು ಕುರಿತು ಇವರು 1908ರಲ್ಲಿ ಪ್ರಕಟಿಸಿದ ಅಧ್ಯಯನವು, ವಸ್ತ್ರ ಮತ್ತು ಮಾನವನ ಆಸೆಗಳ ಸಂಬಂಧವನ್ನು ತಿಳಿಯಬಯಸುವವರಿಗೆ ಇಂದಿಗೂ ಮುಖ್ಯವಾದುದು.

ಆರಂಭಿಕ ಜೀವನ

ಕ್ಲೆರಾಂಬೋ ಅವರು ಮಧ್ಯ ಫ್ರಾನ್ಸಿನ ಬೂರ್ಜ್ ನಗರದಲ್ಲಿ ಜನಿಸಿದರು. ಪ್ಯಾರಿಸಿನಲ್ಲಿ ಅಲಂಕಾರ ಕಲೆಯನ್ನು ಕೆಲಕಾಲ ಅಭ್ಯಸಿಸಿ, ಕಾನೂನನ್ನೂ ಓದಿದ ಬಳಿಕ ವೈದ್ಯಶಾಸ್ತ್ರದ ಕಡೆಗೆ ತಿರುಗಿದರು. 1905ರಲ್ಲಿ ಪ್ಯಾರಿಸಿನ ಪೊಲೀಸ್ ಇಲಾಖೆಗೆ ಸೇರಿದ ಮಾನಸಿಕ ರೋಗಿಗಳ ವಿಶೇಷ ಚಿಕಿತ್ಸಾಲಯಕ್ಕೆ ಸೇರಿ, 1920ರಲ್ಲಿ ಅದರ ಮುಖ್ಯಸ್ಥರಾದರು. ಪೊಲೀಸರು ಹಿಡಿದು ತಂದವರ ಪೈಕಿ ಬುದ್ಧಿಸ್ವಾಸ್ಥ್ಯ ತಪ್ಪಿದವರೆಂದು ಸಂಶಯವಿದ್ದವರನ್ನು ಅಲ್ಲಿ ಪರೀಕ್ಷಿಸಲಾಗುತ್ತಿತ್ತು. 1810ರ ಫ್ರೆಂಚ್ ದಂಡ ಸಂಹಿತೆಯ 64ನೆಯ ವಿಧಿಯಂತೆ, ಕೃತ್ಯ ನಡೆದಾಗ ಆರೋಪಿಯು ಚಿತ್ತಭ್ರಮೆಗೆ ಒಳಗಾಗಿದ್ದರೆ ಅದು ಅಪರಾಧವೆನಿಸುತ್ತಿರಲಿಲ್ಲ. ಹೀಗಾಗಿ ವೈದ್ಯರು ಬರೆದುಕೊಡುವ ಪ್ರಮಾಣಪತ್ರವು ವ್ಯಕ್ತಿಯ ಮುಂದಿನ ದಾರಿ ಸೆರೆಮನೆಯೋ, ಹುಚ್ಚಾಸ್ಪತ್ರೆಯೋ, ಮನೆಯೋ ಎಂಬುದರ ಮೇಲೆ ಬಹಳ ಪ್ರಭಾವ ಬೀರುತ್ತಿತ್ತು.

ವಸ್ತ್ರಮೋಹದ ಅಧ್ಯಯನ

ನಿರ್ಜೀವ ವಸ್ತುವಿನ ಬಗೆಗಿನ ಕಾಮಾಸಕ್ತಿಯನ್ನು ಫೆಟಿಷಿಸಂ ಎಂಬ ಹೆಸರಿನಿಂದ ಮನಶ್ಶಾಸ್ತ್ರಕ್ಕೆ ಪರಿಚಯಿಸಿದವರು ಆಲ್ಫ್ರೆಡ್ ಬಿನೆ. ಬುದ್ಧಿಮಾಪನ ಪರೀಕ್ಷೆಗಳಿಂದ ನಮ್ಮ ಶಿಕ್ಷಕ ತರಬೇತಿ ಪಠ್ಯಗಳಲ್ಲಿ ಸ್ಥಾನ ಪಡೆದಿರುವ ಬಿನೆ ಇವರೇ. ಅವರ ಲೇಖನ ಬಂದದ್ದು 1887ರಲ್ಲಿ. ಅದಕ್ಕೂ ಒಂದು ವರ್ಷ ಮೊದಲು ಪ್ರಕಟವಾದ ಕ್ರಾಫ್ಟ್ ಎಬಿಂಗ್ ಅವರ ಗ್ರಂಥವು ಮುಂದಿನ ಆವೃತ್ತಿಗಳಲ್ಲಿ ಕರವಸ್ತ್ರ, ಪಾದರಕ್ಷೆ, ತುಪ್ಪಳ, ಮಖಮಲ್ಲುಗಳಿಗೆ ಮನಸೋತವರ ವೃತ್ತಾಂತಗಳನ್ನು ಸಂಗ್ರಹಿಸಿತು. ಅವರಲ್ಲಿ ಹೆಚ್ಚಿನವರು ಪುರುಷರು.

ಕ್ಲೆರಾಂಬೋ ಅವರ ಮುಂದೆ ಬಂದವರು ಸ್ತ್ರೀಯರು. ಆ ಕಾಲದ ಪ್ಯಾರಿಸಿನಲ್ಲಿ ಬೃಹತ್ ಮಳಿಗೆಗಳು ತಲೆಯೆತ್ತಿದ್ದವು. ಹಿಂದೆ ವ್ಯಾಪಾರಿಯು ಕೇಳಿದಾಗ ಮಾತ್ರ ಬಿಚ್ಚಿ ತೋರಿಸುತ್ತಿದ್ದ ಬಟ್ಟೆಯನ್ನು ಅಲ್ಲಿ ಯಾರು ಬೇಕಾದರೂ ಮುಟ್ಟಿ ನೋಡಬಹುದಾಗಿತ್ತು. ಮಳಿಗೆಗಳ ಕಳ್ಳತನ ಎಮಿಲ್ ಜೋಲಾ ಅವರ 1883ರ ಕಾದಂಬರಿಯ ವಸ್ತುವಿನಲ್ಲಿ ಸೇರಿದಷ್ಟು ಚರ್ಚೆಯ ವಿಷಯವಾಗಿತ್ತು. ಹೀಗೆ ಕದ್ದು ಸಿಕ್ಕಿಬಿದ್ದ ಮೂವರು ಸ್ತ್ರೀಯರ ವಿವರಗಳನ್ನು ಅವರು 1908ರಲ್ಲಿ ಅಪರಾಧ ಮಾನವಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು; 1910ರಲ್ಲಿ ನಾಲ್ಕನೆಯವಳ ವೃತ್ತಾಂತವನ್ನು ಸೇರಿಸಿದರು. ಹೆಸರುಗಳನ್ನು ಬರೆಯದೆ ಮೊದಲಕ್ಷರಗಳನ್ನಷ್ಟೇ ಬಳಸಿದರು.

ಇವರ ಕಳವಿಗೆ ಹಣದ ಆಸೆ ಕಾರಣವಾಗಿರಲಿಲ್ಲ. ಅವರಿಗೆ ಬೇಕಾಗಿದ್ದುದು ರೇಷ್ಮೆಯ ನುಣುಪು, ತಂಪು ಮತ್ತು ಮಡಿಕೆಗಳು ಒಂದಕ್ಕೊಂದು ಉಜ್ಜಿದಾಗ ಏಳುವ ಸರಸರ ಸದ್ದು. ಹೊಸ ರೇಷ್ಮೆ ಸೀರೆಯ ಈ ಸದ್ದು ಕನ್ನಡ ನಾಡಿನವರಿಗೆ ಅಪರಿಚಿತವೇನಲ್ಲ. ಆದರೆ ಆ ಸ್ತ್ರೀಯರಲ್ಲಿ ಅದು ತಡೆಯಲಾರದ ಉದ್ರೇಕವನ್ನು ಹುಟ್ಟಿಸುತ್ತಿತ್ತು. ಕೊಂಡು ತಂದ ರೇಷ್ಮೆಯಲ್ಲಿ ಕದ್ದದ್ದರಷ್ಟು ಸುಖವಿರುತ್ತಿರಲಿಲ್ಲ. ಒಮ್ಮೆ ಬಳಸಿದ ತುಂಡಿನಲ್ಲಿ ಅವರಿಗೆ ಆಸಕ್ತಿ ಉಳಿಯುತ್ತಿರಲಿಲ್ಲ.

ಈ ಅಂಶಗಳನ್ನು ಹಿಡಿದು ಕ್ಲೆರಾಂಬೋ ಒಂದು ವ್ಯತ್ಯಾಸವನ್ನು ಗುರುತಿಸಿದರು. ಅವರ ಪ್ರಕಾರ ವಸ್ತ್ರಮೋಹಿಯಾದ ಪುರುಷನು ಬಟ್ಟೆಯ ಹಿಂದೆ ಅದನ್ನು ಧರಿಸಿದ ಸ್ತ್ರೀಯನ್ನು ಕಲ್ಪಿಸಿಕೊಳ್ಳುತ್ತಾನೆ ಮತ್ತು ವಸ್ತುವನ್ನು ಜತನದಿಂದ ಕಾಪಾಡುತ್ತಾನೆ. ಈ ಸ್ತ್ರೀಯರಿಗಾದರೋ ಯಾವ ಪುರುಷನ ಕಲ್ಪನೆಯೂ ಬೇಕಿರಲಿಲ್ಲ. ಬಟ್ಟೆಯು ಇನ್ನೊಬ್ಬರ ದೇಹದ ಬದಲಿಗೆ ನಿಂತಿರದೆ ತನ್ನ ಗುಣದಿಂದಲೇ ಸುಖ ಕೊಡುತ್ತಿತ್ತು. ಆದುದರಿಂದ ಇದನ್ನು ನಿಜವಾದ ಫೆಟಿಷಿಸಂ ಎನ್ನಲಾಗದೆಂದು ಅವರು ವಾದಿಸಿದರು.

ಅವರ ವೀಕ್ಷಣೆ ಸೂಕ್ಷ್ಮವಾದುದು, ತೀರ್ಮಾನ ಮಾತ್ರ ಅವಸರದ್ದು. ನಾಲ್ವರು ಸ್ತ್ರೀಯರು, ಅದೂ ಪೊಲೀಸರ ವಶದಲ್ಲಿದ್ದು ಬೇರೆ ಕಾಯಿಲೆಗಳಿಂದಲೂ ಬಳಲುತ್ತಿದ್ದವರು, ಸಮಸ್ತ ಸ್ತ್ರೀಯರ ಕಾಮಭಾವನೆಗೆ ಪ್ರಮಾಣವಾಗಲಾರರು. ಕದಿಯದೆ, ಯಾರಿಗೂ ತೊಂದರೆ ಕೊಡದೆ, ತಮ್ಮ ಮನೆಯೊಳಗೆ ಇಂತಹ ಅಭಿರುಚಿಯನ್ನಿಟ್ಟುಕೊಂಡವರು ಪೊಲೀಸ್ ಚಿಕಿತ್ಸಾಲಯದ ಬಾಗಿಲಿಗೆ ಬರುವ ಸಂಭವವೇ ಕಡಿಮೆ. ವಸ್ತ್ರಮೋಹವೂ ಕಳ್ಳತನದ ಚಟವೂ ಒಂದೇ ಬೇರಿನವು ಎಂಬ ಭಾವನೆ ಬೆಳೆಯಲು ಇಂತಹ ಆಯ್ಕೆಯೂ ಕಾರಣವಾಗಿರಬಹುದು. ಇಂದಿನ ವೈದ್ಯಶಾಸ್ತ್ರದ ನಿಲುವು ಬೇರೆಯಾಗಿದೆ. 2013ರ ಅಮೆರಿಕನ್ ಮನೋವೈದ್ಯಕೀಯ ಕೈಪಿಡಿಯು ವ್ಯಕ್ತಿಗೆ ತೀವ್ರ ಸಂಕಟವೋ ಜೀವನಕ್ಕೆ ಅಡ್ಡಿಯೋ ಉಂಟಾದಾಗ ಮಾತ್ರ ಇದನ್ನು ವಿಕಾರವೆಂದು ಪರಿಗಣಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಫೆಟಿಷಿಸಂ ಪ್ರತ್ಯೇಕ ರೋಗವಾಗಿ ಉಳಿದಿಲ್ಲ.

ಮೊರಾಕ್ಕೊ ಮತ್ತು ಛಾಯಾಚಿತ್ರಗಳು

ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡ ಕ್ಲೆರಾಂಬೋ ಮೊರಾಕ್ಕೊ ದೇಶಕ್ಕೆ ಹೋದರು. ಅಲ್ಲಿನ ಸ್ತ್ರೀಯರು ನಖಶಿಖಾಂತ ಹೊದೆಯುತ್ತಿದ್ದ ಹಾಯಿಕ್ ಎಂಬ ಹೊಲಿಗೆಯಿಲ್ಲದ ಬಿಳಿಯ ವಸ್ತ್ರ ಅವರನ್ನು ಸೆಳೆಯಿತು. ಅದನ್ನು ಹೊದ್ದವರ ಸಾವಿರಾರು ಚಿತ್ರಗಳನ್ನು ತೆಗೆದರು. ಬಹುಪಾಲು ಚಿತ್ರಗಳಲ್ಲಿ ಮುಖ ಕಾಣುವುದಿಲ್ಲ, ಮಡಿಕೆಗಳಷ್ಟೇ ಕಾಣುತ್ತವೆ. ವಸ್ತ್ರವು ದೇಹದ ಯಾವ ಭಾಗದಲ್ಲಿ ಆಧಾರ ಪಡೆಯುತ್ತದೆ, ಅಲ್ಲಿಂದ ನೆರಿಗೆ ಯಾವ ದಿಕ್ಕಿಗೆ ಇಳಿಯುತ್ತದೆ ಎಂಬುದನ್ನು ಆಧರಿಸಿ ಉಡುಗೆಗಳನ್ನು ವರ್ಗೀಕರಿಸಿದರು. ಸೀರೆ, ಕಚ್ಚೆಪಂಚೆ ಉಡುವ ನಾಡಿನವರಿಗೆ ಈ ಕ್ರಮ ಬೇಗನೆ ಅರ್ಥವಾದೀತು. 1920ರ ದಶಕದಲ್ಲಿ ಪ್ಯಾರಿಸಿನ ಲಲಿತಕಲಾ ಶಾಲೆಯಲ್ಲಿ ಇದೇ ವಿಷಯವಾಗಿ ಉಪನ್ಯಾಸಗಳನ್ನು ನೀಡಿದರು.

ಈ ಆಸಕ್ತಿಯನ್ನು ಕಂಡು ಅವರೂ ತಮ್ಮ ರೋಗಿಗಳಂತೆಯೇ ವಸ್ತ್ರಮೋಹಿಯಾಗಿದ್ದರೆಂದು ಬರೆದವರಿದ್ದಾರೆ. ನಿಧನಾನಂತರ ಅವರ ಮನೆಯಲ್ಲಿ ಮೇಣದ ಬೊಂಬೆಗಳು ದೊರೆತದ್ದು ಈ ಮಾತಿಗೆ ಪುಷ್ಟಿ ಕೊಟ್ಟಿತು. ಆದರೆ ಉಡುಗೆಯ ಉಪನ್ಯಾಸಕರ ಮನೆಯಲ್ಲಿ ಬೊಂಬೆಗಳಿದ್ದ ಮಾತ್ರಕ್ಕೆ ಅವರ ಅಂತರಂಗದ ಬಗ್ಗೆ ತೀರ್ಪು ನೀಡುವುದು, ಅವರು ನಾಲ್ವರನ್ನು ನೋಡಿ ಎಲ್ಲ ಸ್ತ್ರೀಯರ ಬಗ್ಗೆ ತೀರ್ಪಿತ್ತಷ್ಟೇ ದುರ್ಬಲವಾದ ತರ್ಕ.

ಇತರ ಕೊಡುಗೆಗಳು

1921ರಲ್ಲಿ ಅವರು ವರ್ಣಿಸಿದ 53 ವರ್ಷದ ಮಹಿಳೆಯೊಬ್ಬಳು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್ ತನ್ನನ್ನು ಪ್ರೀತಿಸುತ್ತಿರುವನೆಂದು ನಂಬಿದ್ದಳು. ಬಕಿಂಗ್‌ಹ್ಯಾಮ್ ಅರಮನೆಯ ಪರದೆ ಅಲುಗಿದರೆ ಅದೇ ಆಕೆಗೆ ಸಂಕೇತವಾಗಿತ್ತು. ಮಾನಸಿಕ ಸ್ವಯಂಚಾಲನೆಯ ಸಿದ್ಧಾಂತವೂ ಅವರದೇ. 1928–29ರಲ್ಲಿ ಅವರ ಕೈಕೆಳಗೆ ತರಬೇತಿ ಪಡೆದ ಜಾಕ್ ಲಕಾನ್, ಮುಂದೆ ಮನೋವೈದ್ಯಶಾಸ್ತ್ರದಲ್ಲಿ ತಮಗೆ ಇವರೊಬ್ಬರೇ ಗುರುವೆಂದು ಸ್ಮರಿಸಿದರು.

ಕೊನೆಯ ದಿನಗಳು

ನೋಡುವುದನ್ನೇ ಬದುಕಾಗಿಸಿಕೊಂಡಿದ್ದ ಕ್ಲೆರಾಂಬೋ ಅವರ ಕಣ್ಣುಗಳಿಗೆ ಪೊರೆ ಬಂದಿತು. ಬಾರ್ಸಿಲೋನಾದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಆ ಅನುಭವವನ್ನು ವೈದ್ಯರ ದೃಷ್ಟಿಯಿಂದಲೇ ಬರೆದಿಟ್ಟರು. ಕುಗ್ಗಿದ ದೃಷ್ಟಿ ಮತ್ತು ಖಿನ್ನತೆಯ ನಡುವೆ, 1934ರ ನವೆಂಬರಿನಲ್ಲಿ ಪ್ಯಾರಿಸ್ ಬಳಿಯ ಮಾಲಕೋಫ್‌ನ ತಮ್ಮ ಮನೆಯಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರ ಛಾಯಾಚಿತ್ರಗಳು ಪ್ಯಾರಿಸಿನ ಮಾನವ ವಸ್ತುಸಂಗ್ರಹಾಲಯವನ್ನು ಸೇರಿ ಬಹುಕಾಲ ಮರೆಯಲ್ಲಿದ್ದು, 1990ರಲ್ಲಿ ಪೊಂಪಿದೂ ಕೇಂದ್ರದಲ್ಲಿ ಪ್ರದರ್ಶನಗೊಂಡವು.