ಬಲಿಯದ ಕಣಗಳ ಬೆನ್ನುಹತ್ತಿದ ಸುಬ್ಬರಾವ್

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಕಡೆ ಮಗುವಿಗೆ ರಕ್ತದ ಕ್ಯಾನ್ಸರ್ ಎಂಬ ಸಂಶಯ ಬಂದರೆ ಮನೆಯವರು ಹುಬ್ಬಳ್ಳಿಯ ಬಸ್ಸು ಹಿಡಿಯುತ್ತಾರೆ. ಅಲ್ಲಿಂದ ಕೆಲವರು ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೂ ಹೋಗುತ್ತಾರೆ. ಮರಳುವಾಗ ಅವರ ಚೀಲದಲ್ಲಿ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಇರುವುದುಂಟು. ವೈದ್ಯರ ಚೀಟಿಯಲ್ಲಿ ಯಲ್ಲಾಪ್ರಗಡ ಸುಬ್ಬರಾವ್ ಅವರ ಹೆಸರು ಇರುವುದಿಲ್ಲ. ಆದ್ದರಿಂದ ಹಳಿಯಾಳದವನಾದ ನಾನು ಇಲ್ಲಿ ಬರೆಯುತ್ತಿದ್ದೇನೆ.

1895ರಲ್ಲಿ ಆಂಧ್ರದ ಭೀಮಾವರದಲ್ಲಿ ಜನಿಸಿದ ಸುಬ್ಬರಾವ್, ಸ್ಪ್ರೂ ಎಂಬ ಕರುಳಿನ ಬೇನೆಗೆ ಸೋದರರನ್ನು ಕಳೆದುಕೊಂಡವರು. ಮದ್ರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಖಾದಿ ಧರಿಸಿದ್ದು ಆಂಗ್ಲ ಪ್ರಾಧ್ಯಾಪಕರೊಬ್ಬರಿಗೆ ಸಹ್ಯವಾಗಲಿಲ್ಲ. ಎಂಬಿಬಿಎಸ್‌ಗೆ ಬದಲು ಕಿರಿಯ ಪದವಿಯೇ ಕೈಗೆ ಬಂತು. 1923ರಲ್ಲಿ ಬಾಸ್ಟನ್ ಸೇರಿದರು, ಮತ್ತೆ ತಾಯ್ನಾಡಿಗೆ ಬರಲಿಲ್ಲ. ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆಗೂಡಿ 1929ರಲ್ಲಿ ಸ್ನಾಯುವಿನಿಂದ ಎಟಿಪಿಯನ್ನು ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಸಹ ಸ್ವತಂತ್ರವಾಗಿ ಅದನ್ನು ಕಂಡುಕೊಂಡಿದ್ದರು. ಆದರೂ ಹಾರ್ವರ್ಡ್ ಅವರಿಗೆ ಖಾಯಂ ಹುದ್ದೆ ಕೊಡಲಿಲ್ಲ.

1940ರಲ್ಲಿ ಅವರು ಲೆಡರ್ಲೆ ಕಂಪನಿಗೆ ಹೋದರು. ಅಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. (ನಮ್ಮ ಕರಾವಳಿಯವರಿಗೆ ಪರಿಚಿತವಾದ ಆನೆಕಾಲು ರೋಗದ ಔಷಧಿಯೂ ಅದೇ ಪ್ರಯೋಗಾಲಯದ್ದು.) ರಕ್ತದ ಕ್ಯಾನ್ಸರ್‌ನಲ್ಲಿ ಎಳೆಯ ಬಿಳಿ ಕಣಗಳು ಬಲಿಯುವ ಮುನ್ನವೇ ನಿಂತು, ಹಾಗೆಯೇ ಹೆಚ್ಚುತ್ತ ಹೋಗುತ್ತವೆ. ಫೋಲಿಕ್ ಆಮ್ಲ ಅವನ್ನು ಬಲಿಸಬಹುದೆಂದು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ನಿರೀಕ್ಷಿಸಿದ್ದರು. ಆದರೆ ಆ ಗುಂಪಿನ ಪದಾರ್ಥ ಕೊಟ್ಟಾಗ ರೋಗವೇ ಕೆರಳಿತು. ಹಾಗಾದರೆ ಅದನ್ನು ತಡೆದು ನೋಡಬೇಕೆಂದು ಸುಬ್ಬರಾವ್ ತಂಡದ ಅಮಿನೊಪ್ಟೆರಿನ್ ಪ್ರಯೋಗಿಸಲಾಯಿತು. 16 ಮಕ್ಕಳಲ್ಲಿ 10 ಮಕ್ಕಳು ತಾತ್ಕಾಲಿಕವಾಗಿ ಚೇತರಿಸಿಕೊಂಡ ವರದಿ 1948ರ ಜೂನ್‌ನಲ್ಲಿ ಪ್ರಕಟವಾಯಿತು. ಆಗಸ್ಟ್‌ನಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ, ಸುಬ್ಬರಾವ್ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಮೆಥೊಟ್ರೆಕ್ಸೇಟ್ ಅಮಿನೊಪ್ಟೆರಿನ್‌ನ ಒಡಹುಟ್ಟು.

ಕಣಗಳನ್ನು ಬಲಿಸುವ ಆ ಹಳೆಯ ಆಸೆ 1980ರ ದಶಕದಲ್ಲಿ ಬೇರೊಂದು ಬಗೆಯ ರಕ್ತಕ್ಯಾನ್ಸರ್‌ನಲ್ಲಿ ಈಡೇರಿತು. ಶಾಂಘೈನ ವೈದ್ಯರು ಎ ಜೀವಸತ್ವದ ಸಂಬಂಧಿಯಾದ ಟ್ರೆಟಿನಾಯಿನ್ ಕೊಟ್ಟಾಗ ಎಳೆಯ ಕಣಗಳು ನಿಜವಾಗಿಯೂ ಬಲಿತವು. ಕೋಶಕ್ಕೆ ಬೆಳೆ, ನಿಲ್ಲು ಎಂಬ ಅಪ್ಪಣೆಯನ್ನು ದಾಟಿಸುವ ಕಿಣ್ವಗಳು ಮಾಡುವುದೂ ಒಂದೇ ಕೆಲಸ: ಎಟಿಪಿಯಿಂದ ಫಾಸ್ಫೇಟನ್ನು ಕಿತ್ತು ಮತ್ತೊಂದು ಪ್ರೋಟೀನಿಗೆ ಅಂಟಿಸುವುದು. ಅಪ್ಪಣೆ ನಿಲ್ಲದೆ ಹೊರಡುತ್ತಿದ್ದರೆ ಕ್ಯಾನ್ಸರ್. 2001ರಲ್ಲಿ ಬಂದ ಇಮಾಟಿನಿಬ್, ಅಂಥದೊಂದು ಕಿಣ್ವದಲ್ಲಿ ಎಟಿಪಿ ಕೂರಬೇಕಾದ ಜಾಗದಲ್ಲೇ ತಾನು ಕುಳಿತು ಅಪ್ಪಣೆಯನ್ನು ತಡೆಯುತ್ತದೆ. ಆ ಎಟಿಪಿಯನ್ನು 1929ರಲ್ಲಿ ಬೇರ್ಪಡಿಸಿದ ಕೈಗಳಲ್ಲಿ ಭೀಮಾವರದ ಈ ಮನುಷ್ಯನ ಕೈಯೂ ಇತ್ತು.