ದಾಸ್ಯದಿಂದ ಬಲಿಪೀಠಕ್ಕೆ: ಸ್ವಾಮಿ ಅಗಸ್ಟಸ್ ಟೋಲ್ಟನ್

ದೇವಾಲಯದ ಶತಮಾನೋತ್ಸವದ ಶುಭಸಂದರ್ಭದಲ್ಲಿ ಅದರ ಗೋಡೆ ಗೋಪುರಗಳನ್ನು ಕಟ್ಟಿದವರನ್ನು ಸ್ಮರಿಸುವುದು ವಾಡಿಕೆ. ದೇವಾಲಯದ ಬಾಗಿಲು ಯಾರಿಗೆ ತೆರೆಯಿತು, ಯಾರೆದುರು ಮುಚ್ಚಿತು ಎಂಬುದನ್ನು ನೆನೆಯುವುದೂ ಅಷ್ಟೇ ಅಗತ್ಯ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಕಪ್ಪು ಜನಾಂಗದವರೆಂದು ಎಲ್ಲರೂ ಅರಿತಿದ್ದ ಮೊದಲ ಕಥೋಲಿಕ ಗುರು ಅಗಸ್ಟಸ್ ಟೋಲ್ಟನ್ ಅವರ ಜೀವನದಲ್ಲಿ ಈ ಎರಡು ಬಗೆಯ ಬಾಗಿಲುಗಳನ್ನೂ ಕಾಣಬಹುದು.

ಅವರು 1854ರ ಏಪ್ರಿಲ್ 1ರಂದು ಮಿಸ್ಸೂರಿ ಸಂಸ್ಥಾನದ ಬ್ರಷ್ ಕ್ರೀಕ್‌ನಲ್ಲಿ ಪೀಟರ್ ಪಾಲ್ ಮತ್ತು ಮಾರ್ತಾ ಜೇನ್ ಎಂಬ ಗುಲಾಮ ದಂಪತಿಗಳಿಗೆ ಜನಿಸಿದರು. ಒಡೆಯರೂ ಕಥೋಲಿಕರು, ಗುಲಾಮರೂ ಕಥೋಲಿಕರು. ಶಿಶುವಿನ ಜ್ಞಾನಸ್ನಾನದಲ್ಲಿ ಒಡತಿಯೇ ಜ್ಞಾನತಾಯಿಯಾಗಿ ನಿಂತಳು. ಆದರೂ ಆ ಶಿಶು ಆಕೆಯ ಮನೆತನದ ಸ್ವತ್ತಾಗಿಯೇ ಉಳಿಯಿತು.

ಅಂತರ್ಯುದ್ಧದ ಕಾಲದಲ್ಲಿ ಉತ್ತರದ ಸೈನ್ಯವನ್ನು ಸೇರಲು ಹೊರಟ ತಂದೆ ಮರಳಿ ಬರಲಿಲ್ಲ. 1862ರಲ್ಲಿ ತಾಯಿ ಮೂವರು ಮಕ್ಕಳೊಡನೆ ಮಿಸಿಸಿಪ್ಪಿ ನದಿಯನ್ನು ದಾಟಿ ಇಲಿನಾಯ್ ಸಂಸ್ಥಾನದ ಕ್ವಿನ್ಸಿ ಪಟ್ಟಣವನ್ನು ಸೇರಿದಳು. ಬಾಲಕ ಅಗಸ್ಟಸ್ ತಂಬಾಕಿನ ಕಾರ್ಖಾನೆಯಲ್ಲಿ ದುಡಿಯತೊಡಗಿದನು. ಅಲ್ಲಿನ ಒಂದು ಧರ್ಮಕೇಂದ್ರದ ಶಾಲೆ ಅವನನ್ನು ಸೇರಿಸಿಕೊಂಡಿತಾದರೂ, ಬೆದರಿಕೆಗಳು ಬಂದ ಕಾರಣ ಸುಮಾರು ಒಂದು ತಿಂಗಳಲ್ಲೇ ಅದನ್ನು ಬಿಡಬೇಕಾಯಿತು.

ಈ ಸಮಯದಲ್ಲಿ ಸಂತ ಪೇತ್ರರ ದೇವಾಲಯದ ವಿಚಾರಣಾ ಗುರುಗಳೂ ಐರ್ಲೆಂಡಿನವರೂ ಆದ ಸ್ವಾಮಿ ಪೀಟರ್ ಮೆಗರ್ ಅವನನ್ನು ತಮ್ಮ ಶಾಲೆಗೆ ಕರೆದರು. ಕಾರ್ಖಾನೆ ಮುಚ್ಚಿರುತ್ತಿದ್ದ ಚಳಿಗಾಲದ ತಿಂಗಳುಗಳಲ್ಲಿ ಅವನು ಓದಿದನು. ಬಿಳಿಯ ಧರ್ಮಪ್ರಜೆಗಳಲ್ಲಿ ಕೆಲವರು ಪ್ರತಿಭಟಿಸಿದರೂ ಗುರುಗಳು ಮಣಿಯಲಿಲ್ಲ. ಬಾಲಕ ಅಲ್ಲಿಯೇ ಅಕ್ಷರ ಕಲಿತನು, ಅಲ್ಲಿಯೇ ಬಲಿಪೂಜೆಯ ಸೇವೆ ಮಾಡಿದನು, ಅಲ್ಲಿಯೇ ದೇವರ ಕರೆಯನ್ನು ಕೇಳಿದನು. ಒಬ್ಬ ವಿಚಾರಣಾ ಗುರುವಿನ ದೃಢತೆಯಿಂದ ಧರ್ಮಸಭೆಗೆ ಒಬ್ಬ ಗುರು ದೊರೆತನು.

ಆದರೆ ಅಮೆರಿಕದ ಯಾವ ಗುರುಮಠವೂ ಈ ಯುವಕನನ್ನು ಸ್ವೀಕರಿಸಲಿಲ್ಲ. ಹಿತೈಷಿಗಳಾದ ಗುರುಗಳ ಪ್ರಯತ್ನದಿಂದ 1880ರಲ್ಲಿ ಅವರು ರೋಮಾಪುರಿಯ ಪ್ರೊಪಗಾಂಡ ವಿದ್ಯಾಲಯವನ್ನು ಸೇರಿದರು. 1886ರ ಏಪ್ರಿಲ್ 24ರಂದು ಲ್ಯಾಟರನ್ ಮಹಾದೇವಾಲಯದಲ್ಲಿ ಗುರುದೀಕ್ಷೆ ಪಡೆದು, ಮರುದಿನ ಪಾಸ್ಖ ಹಬ್ಬದಂದು ಸಂತ ಪೇತ್ರರ ಮಹಾದೇವಾಲಯದಲ್ಲಿ ಪ್ರಥಮ ಬಲಿಪೂಜೆ ಅರ್ಪಿಸಿದರು. ಆಫ್ರಿಕಕ್ಕೆ ಹೋಗುವೆನೆಂದು ಅವರು ಭಾವಿಸಿದ್ದರು. ಮೇಲಧಿಕಾರಿಗಳು ಅವರನ್ನು ಕಳುಹಿಸಿದ್ದು ತಮ್ಮನ್ನು ನಿರಾಕರಿಸಿದ ನಾಡಿಗೇ.

ಕ್ವಿನ್ಸಿಯಲ್ಲಿ ಸಂತ ಜೋಸೆಫರ ದೇವಾಲಯದ ಹೊಣೆ ಅವರದಾಯಿತು. ಅವರ ಪ್ರಸಂಗಗಳನ್ನು ಕೇಳಲು ಬಿಳಿಯರೂ ಬಂದು ಕಪ್ಪು ಜನರೊಡನೆ ಕುಳಿತರು. ಇದೇ ನೆರೆಯ ಒಬ್ಬ ಗುರುವಿನ ಅಸಮಾಧಾನಕ್ಕೆ ಕಾರಣವಾಯಿತು; ಕಪ್ಪು ಜನರ ಸೇವೆಯನ್ನಷ್ಟೇ ಮಾಡಬೇಕೆಂಬ ಒತ್ತಡ ಬಂದಿತು. ಆಶ್ರಯ ನೀಡಿದ ಪಟ್ಟಣದಲ್ಲಿಯೇ ಬಾಗಿಲು ಮತ್ತೆ ಮುಚ್ಚಿತು. ನ್ಯಾಯವನ್ನು ಒಂದು ತಲೆಮಾರು ಗಳಿಸಿಕೊಟ್ಟರೂ ಮುಂದಿನವರು ಅದನ್ನು ಕಾಪಾಡದಿದ್ದರೆ ಉಳಿಯದೆಂಬುದಕ್ಕೆ ಇದೇ ನಿದರ್ಶನ.

1889ರಲ್ಲಿ ಅವರು ಶಿಕಾಗೋ ನಗರಕ್ಕೆ ತೆರಳಿದರು. ಅಲ್ಲಿನ ಕಪ್ಪು ಕಥೋಲಿಕರು ಮತ್ತೊಂದು ದೇವಾಲಯದ ನೆಲಮಾಳಿಗೆಯಲ್ಲಿ ಬಲಿಪೂಜೆಗೆ ಕೂಡುತ್ತಿದ್ದರು. ಅವರಿಗಾಗಿ ಸ್ವಾಮಿ ಟೋಲ್ಟನ್ ಸಂತ ಮೋನಿಕರ ದೇವಾಲಯವನ್ನು ಕಟ್ಟಿಸಲು ತೊಡಗಿದರು. 2000ದಲ್ಲಿ ಸಂತ ಪದವಿಗೇರಿದ ಮದರ್ ಕ್ಯಾಥರೀನ್ ಡ್ರೆಕ್ಸೆಲ್ ಧನಸಹಾಯ ನೀಡಿದರು. 1894ರಲ್ಲಿ ಅಲ್ಲಿ ಪೂಜೆ ಆರಂಭವಾಯಿತಾದರೂ ಕಟ್ಟಡ ಪೂರ್ಣಗೊಳ್ಳಲಿಲ್ಲ. ಗುರುಗಳು ಬಡವರ ಕೇರಿಗಳಲ್ಲಿ ತಿರುಗಿ ರೋಗಿಗಳನ್ನು ಸಂತೈಸಿದರು.

1897ರ ಜುಲೈ 9ರಂದು ಧ್ಯಾನಕೂಟದಿಂದ ಹಿಂದಿರುಗುವಾಗ ಬಿಸಿಲ ತಾಪದಿಂದ ರಸ್ತೆಯಲ್ಲೇ ಕುಸಿದು, ಅಂದೇ ತಮ್ಮ 43ನೆಯ ವಯಸ್ಸಿನಲ್ಲಿ ದೈವಾಧೀನರಾದರು. ಅವರ ಇಚ್ಛೆಯಂತೆ ದೇಹವನ್ನು ಕ್ವಿನ್ಸಿಯಲ್ಲಿ ಸಂತ ಪೇತ್ರರ ಸಮಾಧಿಭೂಮಿಯಲ್ಲಿ ಇರಿಸಲಾಯಿತು. 2019ರಲ್ಲಿ ಜಗದ್ಗುರು ಫ್ರಾನ್ಸಿಸರು ಅವರನ್ನು ಪೂಜ್ಯರೆಂದು ಘೋಷಿಸಿದರು.

ಅಪಮಾನಿಸಿದ ಧರ್ಮಸಭೆಯನ್ನು ಅವರು ತೊರೆಯಲಿಲ್ಲ. ಅದರ ಅನ್ಯಾಯವನ್ನು ನ್ಯಾಯವೆಂದೂ ಒಪ್ಪಲಿಲ್ಲ. ಶತಮಾನವನ್ನು ಪೂರೈಸಿದ ಪ್ರತಿಯೊಂದು ದೇವಾಲಯದ ಹೊಸ್ತಿಲಲ್ಲೂ ತಂಬಾಕಿನ ಕಾರ್ಖಾನೆಯಿಂದ ಬಂದ ಅಂಥ ಒಬ್ಬ ಬಾಲಕ ನಿಂತಿರಬಹುದು. ಅವನನ್ನು ಒಳಗೆ ಕರೆಯುವ ಧೈರ್ಯವನ್ನು ದೇವರು ನಮಗೆಲ್ಲರಿಗೂ ಕರುಣಿಸಲಿ.