ಐಸಾಕ್ ವಾಟ್ಸ್ ಅಯ್ಯನವರ ಚರಿತ್ರೆಯೂ ಮೀಕಾಯೇಲನ ವಿಷಯವಾದ ವಿಚಾರವೂ



ಕರ್ತನಾದ ಯೇಸುವೂ ಪ್ರಧಾನದೂತನಾದ ಮೀಕಾಯೇಲನೂ ಒಬ್ಬನೇಯೋ ಅಥವಾ ಬೇರೆ ಬೇರೆಯೋ ಎಂಬ ಪ್ರಶ್ನೆಯು ಕ್ರೈಸ್ತರೊಳಗೆ ಬಹುಕಾಲದಿಂದ ನಡೆದುಬಂದದ್ದಾಗಿದೆ. ಒಬ್ಬನೇ ಎಂದು ಕಲಿಸುವ ಚಿಕ್ಕ ಪುಸ್ತಕಗಳು ಹಳ್ಳಿಯ ಮನೆಗಳಿಗೂ ಬರುತ್ತವೆ. ಅವುಗಳನ್ನು ಓದಿದವರು ಕಳವಳಪಟ್ಟು ತಮ್ಮ ಉಪದೇಶಿಯನ್ನು ವಿಚಾರಿಸುತ್ತಾರೆ. ಹೌದೆಂದಾಗಲಿ ಅಲ್ಲವೆಂದಾಗಲಿ ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಕಳುಹಿಸುವದು ಸುಲಭ. ಆದರೆ ಹಾಗೆ ಎಣಿಸಿದವರಲ್ಲಿ ತಪ್ಪು ಬೋಧಕರು ಮಾತ್ರವಲ್ಲ, ಸಭೆಯು ಇಂದಿಗೂ ಯಾರ ಗೀತಗಳನ್ನು ಹಾಡುತ್ತದೋ ಅಂಥಾ ಭಕ್ತರೊಬ್ಬರೂ ಇದ್ದರೆಂದು ತಿಳಿದರೆ, ವಿಚಾರವನ್ನು ಸ್ವಲ್ಪ ನಿಧಾನವಾಗಿ ಮಾಡಬೇಕಾಗುತ್ತದೆ. ಅವರೇ ಇಂಗ್ಲೆಂಡ್ ಸೀಮೆಯ ಐಸಾಕ್ ವಾಟ್ಸ್ ಅಯ್ಯನವರು. ಅವರ ಚರಿತ್ರೆಯನ್ನು ನಾವು ಇಲ್ಲಿ ಬರೆಯುತ್ತೇವೆ.

ವಾಟ್ಸ್ ಅಯ್ಯನವರು 1674ನೆಯ ಇಸವಿ ಜುಲಾಯಿ 17ರಂದು ಸೌತಾಂಪ್ಟನ್ ಎಂಬ ರೇವುಪಟ್ಟಣದಲ್ಲಿ ಹುಟ್ಟಿದರು. ಆ ಕಾಲದಲ್ಲಿ ಅರಸನ ಅಧಿಕಾರದಿಂದ ಸ್ಥಾಪಿತವಾದ ಸಭೆಯ ಕ್ರಮಕ್ಕೆ ಒಳಪಡದೆ ಬೇರೆಯಾಗಿ ಕೂಡಿಬರುತ್ತಿದ್ದವರಿಗೆ ಬಹಳ ಹಿಂಸೆಯಿತ್ತು. ಇವರ ತಂದೆಯು ಅಂಥಾ ಸ್ವತಂತ್ರ ಸಭೆಯೊಂದರಲ್ಲಿ ಸಭಾಸೇವಕನಾಗಿದ್ದನು. ಅದಕ್ಕಾಗಿಯೇ ಸೆರೆವಾಸವನ್ನೂ ಅನುಭವಿಸಿದನು. ತಾಯಿಯು ಕೂಸನ್ನು ಎತ್ತಿಕೊಂಡು ಸೆರೆಮನೆಯ ಬಾಗಲ ಮುಂದಿನ ಕಲ್ಲಿನ ಮೇಲೆ ಕೂತು ಹಾಲೂಡಿಸುತ್ತಿದ್ದಳೆಂದು ಹೇಳಿಕೆಯಿದೆ. ಹೀಗೆ ಸತ್ಯಕ್ಕೋಸ್ಕರ ನಷ್ಟಪಡುವದು ಏನೆಂಬದನ್ನು ಈ ಮಗುವು ಅಕ್ಷರ ಕಲಿಯುವದಕ್ಕೆ ಮೊದಲೇ ಕಂಡಿತು.

ಬಾಲಕನು ಬಹು ಚುರುಕು ಬುದ್ಧಿಯವನು. ನಾಲ್ಕನೆಯ ವಯಸ್ಸಿನಲ್ಲಿ ಲತೀನ್ ಭಾಷೆಯನ್ನು ಆರಂಭಿಸಿ, ಹದಿನಾಲ್ಕು ತುಂಬುವದರೊಳಗೆ ಗ್ರೀಕ್, ಫ್ರೆಂಚ್, ಇಬ್ರಿಯ ಭಾಷೆಗಳನ್ನೂ ಕಲಿತನು. ಊರಿನವರು ಇದನ್ನು ಕಂಡು, ದೊಡ್ಡ ವಿದ್ಯಾಪೀಠಕ್ಕೆ ಕಳುಹಿಸಿ ವೆಚ್ಚವನ್ನು ಕೊಡುವದಾಗಿ ಹೇಳಿದರು. ಆದರೆ ಅಲ್ಲಿಗೆ ಸೇರಬೇಕಾದರೆ ರಾಜಸಭೆಗೆ ಒಳಪಡಬೇಕಾಗಿತ್ತು. ಆದದರಿಂದ ಅವನು ಆ ಸಹಾಯವನ್ನು ಬೇಡವೆಂದು ಬಿಟ್ಟು, 1690ರಲ್ಲಿ ಲಂಡನಿನ ಬಳಿಯ ಸ್ಟೋಕ್ ನ್ಯೂಯಿಂಗ್ಟನ್ ಎಂಬಲ್ಲಿ ಸ್ವತಂತ್ರ ಸಭೆಯವರ ಪಾಠಶಾಲೆಗೆ ಹೋದನು.

ವಿದ್ಯೆ ಮುಗಿದ ಮೇಲೆ ವಾಟ್ಸ್ ಅಯ್ಯನವರು ತಂದೆಯ ಮನೆಗೆ ತಿರಿಗಿ ಬಂದು ಸುಮಾರು ಎರಡು ವರುಷ ಇದ್ದರು. ಆಗ ಸಭೆಗಳಲ್ಲಿ ದಾವೀದನ ಕೀರ್ತನೆಗಳನ್ನು ಒರಟಾದ ಪದ್ಯಗಳಾಗಿ ಮಾಡಿ, ಒಬ್ಬನು ಸಾಲು ಸಾಲಾಗಿ ಓದಿ ಹೇಳುತ್ತಿರಲು, ಮಿಕ್ಕವರು ಅದನ್ನೇ ಎಳೆದು ಎಳೆದು ಹಾಡುತ್ತಿದ್ದರು. ಕ್ರಿಸ್ತನ ಹೆಸರೆತ್ತಿ ಹಾಡುವದಕ್ಕೆ ಅಲ್ಲಿ ಎಡೆ ಬಹಳ ಕಡಿಮೆ. ಮಗನು ಇದರ ವಿಷಯವಾಗಿ ಗೊಣಗಿದಾಗ, ಇದಕ್ಕಿಂತ ಒಳ್ಳೇದನ್ನು ನೀನೇ ಮಾಡಿ ತೋರಿಸು ಎಂಬ ಅರ್ಥವಾಗಿ ತಂದೆಯು ಉತ್ತರ ಕೊಟ್ಟನಂತೆ. ಆಗ ಅವರು ರಚಿಸಿದ ಮೊದಲನೆಯ ಗೀತವು ಪ್ರಕಟನೆ ಐದನೆಯ ಅಧ್ಯಾಯವನ್ನು ಆಧಾರಮಾಡಿಕೊಂಡದ್ದೆಂದು ಹೇಳುತ್ತಾರೆ. ವಾಚಕರು ಆ ಅಧ್ಯಾಯವನ್ನು ತೆಗೆದು ನೋಡಲಿ. ಸಿಂಹಾಸನದ ಮಧ್ಯದಲ್ಲಿ ವಧಿಸಲ್ಪಟ್ಟ ಕುರಿಯಾದಾತನು ನಿಂತಿದ್ದಾನೆ. ಲಕ್ಷೋಪಲಕ್ಷ ದೇವದೂತರು ಸುತ್ತಲೂ ನಿಂತು ಆತನನ್ನು ಕೊಂಡಾಡುತ್ತಾರೆ. ದೂತರು ಒಂದು ಕಡೆ, ಆತನು ಇನ್ನೊಂದು ಕಡೆ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿರಿ, ಮುಂದೆ ಬೇಕಾಗುವದು.

1698ರಲ್ಲಿ, ತಮ್ಮ 24ನೆಯ ಹುಟ್ಟುಹಬ್ಬದ ದಿನದಲ್ಲಿ, ಇವರು ಮೊದಲನೆಯ ಪ್ರಸಂಗವನ್ನು ಮಾಡಿದರು. 1702ರಲ್ಲಿ ಲಂಡನಿನ ಮಾರ್ಕ್ ಲೇನ್ ಎಂಬ ಬೀದಿಯ ಸಭೆಗೆ ಪಾಲಕರಾದರು. ಐದಡಿ ಎತ್ತರದ ಕೃಶ ದೇಹದವರು, ನೋಟಕ್ಕೆ ಅಂಥಾ ಚಂದವಿಲ್ಲ, ಮದುವೆಯೂ ಆಗಲಿಲ್ಲ. 1712ರಲ್ಲಿ ಕಠಿಣವಾದ ಜ್ವರ ಬಂದು ದೇಹವು ಪೂರಾ ಕುಗ್ಗಿಹೋಯಿತು. ಲಂಡನಿನ ಮೇಯರರಾಗಿದ್ದ ಸರ್ ತಾಮಸ್ ಆಬ್ನಿ ಎಂಬ ಭಕ್ತರು ಒಂದು ವಾರ ವಿಶ್ರಮಿಸಿಕೊಳ್ಳಿರೆಂದು ಅವರನ್ನು ತಮ್ಮ ಮನೆಗೆ ಕರಕೊಂಡು ಹೋದರು. ಆ ಒಂದು ವಾರವು 36 ವರುಷವಾಯಿತು! ಆಬ್ನಿಯವರು 1722ರಲ್ಲಿ ತೀರಿಹೋದ ಮೇಲೂ ಅವರ ಹೆಂಡತಿಯು ಈ ಅತಿಥಿಯನ್ನು ಮನೆಯವರಂತೆಯೇ ನೋಡಿಕೊಂಡಳು. ಸಭೆಯವರು ಸಹ ರೋಗಿಯಾದ ಪಾಲಕನನ್ನು ತೆಗೆದುಬಿಡದೆ ಜೊತೆಪಾಲಕನೊಬ್ಬನನ್ನು ಇಟ್ಟರು. ಸಭೆಗಳು ಪಾಲಕರನ್ನು ನಡಿಸಿಕೊಳ್ಳುವ ರೀತಿಯಲ್ಲಿ ಇದು ಅಪರೂಪದ ಸಂಗತಿ ಎಂದು ನಾವು ಹೇಳದೆ ಇರಲಾರೆವು.

1707ರಲ್ಲಿ ಅಚ್ಚಾದ ಗೀತಗಳ ಪುಸ್ತಕವೂ, 1715ರಲ್ಲಿ ಮಕ್ಕಳಿಗಾಗಿ ಬರೆದ ಹಾಡುಗಳೂ, 1719ರಲ್ಲಿ ಹೊರಟ ಕೀರ್ತನೆಗಳ ಪುಸ್ತಕವೂ ಅವರನ್ನು ಲೋಕಪ್ರಸಿದ್ಧರನ್ನಾಗಿ ಮಾಡಿದವು. ಕ್ರಿಸ್ತನ ಶಿಲುಬೆಯನ್ನು ದೃಷ್ಟಿಸಿ ತನ್ನ ಹೆಚ್ಚಳವನ್ನೆಲ್ಲಾ ನಷ್ಟವೆಂದೆಣಿಸುವ ಪ್ರಸಿದ್ಧ ಗೀತವು ಮೊದಲನೆಯ ಪುಸ್ತಕದಲ್ಲಿಯೂ, 98ನೆಯ ಕೀರ್ತನೆಯಿಂದ ಬಂದು ಈಗ ಕ್ರಿಸ್ತಜಯಂತಿಯಲ್ಲಿ ಹಾಡಲ್ಪಡುವ ಆನಂದಗೀತವು ಮೂರನೆಯದರಲ್ಲಿಯೂ ಇವೆ. ದಾವೀದನು ಕ್ರೈಸ್ತನಾಗಿದ್ದರೆ ಹೇಗೆ ಹಾಡುತ್ತಿದ್ದನೋ ಹಾಗೆ ಹಾಡಿಸಬೇಕೆಂಬದೇ ಅವರ ಉದ್ದೇಶ. ಇದರ ಹೊರತು ತರ್ಕಶಾಸ್ತ್ರದ ಮೇಲೆ ಅವರು ಬರೆದ ಪುಸ್ತಕವನ್ನು ಆಕ್ಸ್‌ಫರ್ಡ್ ವಿದ್ಯಾಪೀಠದಲ್ಲಿಯೂ ಪಾಠಕ್ಕೆ ಇಟ್ಟರು. ಯಾವ ಬಾಗಲಲ್ಲಿ ಅವರಂಥಾ ಮತದವರಿಗೆ ಪ್ರವೇಶವಿಲ್ಲವೋ ಅದೇ ಬಾಗಲಲ್ಲಿ ಅವರ ಪುಸ್ತಕವು ಹೊಕ್ಕಿತು.

ಈಗ ಮುಖ್ಯ ಸಂಗತಿಗೆ ಬರುತ್ತೇವೆ. ಕೀರ್ತನೆಗಳು ಅಚ್ಚಾದ ಆ 1719ರಲ್ಲಿಯೇ ಸ್ವತಂತ್ರ ಸಭೆಗಳೊಳಗೆ ದೊಡ್ಡ ವ್ಯಾಜ್ಯವೆದ್ದಿತು. ಎಕ್ಸೆಟರ್ ಪಟ್ಟಣದ ಕೆಲವು ಬೋಧಕರು ಅರಿಯನ ಮತಕ್ಕೆ ತಿರುಗಿದ್ದಾರೆಂಬ ಸುದ್ದಿ ಹಬ್ಬಿತ್ತು. ಅರಿಯನೆಂಬವನು ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂದ್ರಿಯದ ಹಿರಿಯನಾಗಿದ್ದು, ಮಗನು ಎಲ್ಲಾ ದೂತರಿಗಿಂತ ಉನ್ನತನಾದರೂ ಸೃಷ್ಟಿಸಲ್ಪಟ್ಟವನೇ ಎಂದು ಕಲಿಸಿದನು. 325ರಲ್ಲಿ ನಿಕೇಯದಲ್ಲಿ ಕೂಡಿದ ಮಹಾಸಭೆಯು ಅದನ್ನು ತಳ್ಳಿಬಿಟ್ಟಿತು. ಲಂಡನಿನ ಬೋಧಕರು ಸಾಲ್ಟರ್ಸ್ ಹಾಲ್ ಎಂಬಲ್ಲಿ ಕೂಡಿ, ತ್ರಯೈಕತ್ವದ ಬೋಧನೆಗೆ ಪ್ರತಿಯೊಬ್ಬನೂ ರುಜು ಹಾಕಬೇಕೋ, ಅಥವಾ ಸತ್ಯವೇದದ ಮಾತುಗಳೇ ಸಾಕೋ ಎಂದು ವಾದಿಸಿದರು. ರುಜು ಬೇಡವೆಂದವರು 57, ಬೇಕೆಂದವರು 53. ವಾಟ್ಸ್ ಅಯ್ಯನವರು ಮೊದಲನೆಯ ಪಕ್ಷದ ಕಡೆಗೆ ನಿಂತರು. ತ್ರಿಯೇಕ ದೇವರನ್ನು ಅವರು ನಂಬಲಿಲ್ಲವೆಂದಲ್ಲ. ಮನುಷ್ಯರು ಕಟ್ಟಿದ ಮಾತುಗಳನ್ನು ಮನಸ್ಸಾಕ್ಷಿಯ ಮೇಲೆ ಹೊರಿಸಬಾರದೆಂದು ಎಣಿಸಿದರು. ಸೆರೆಮನೆಯ ಬಾಗಲಲ್ಲಿ ಬೆಳೆದ ಮಗನಿಗೆ ಇದು ಸಹಜವೇ.

ಅಂದಿನಿಂದ ಅವರು ಈ ಆಳವಾದ ವಿಷಯದಲ್ಲಿ ಮುಳುಗಿದರು. ಎರಡೂ ಕಡೆಯವರನ್ನು ಸಮಾಧಾನಪಡಿಸುವ ಒಂದು ದಾರಿಯನ್ನು ಕಾಣಬೇಕೆಂಬ ಆಶೆಯಿಂದ 1722ರಲ್ಲಿ ಒಂದು ಪುಸ್ತಕವನ್ನೂ, ಅನಂತರ ಮತ್ತೂ ಕೆಲವನ್ನೂ ಬರೆದರು. ಅವರ ಅಭಿಪ್ರಾಯವನ್ನು ಸುಲಭವಾಗಿ ಹೇಳುವದಾದರೆ ಹೀಗಿದೆ. ಕ್ರಿಸ್ತನ ಮಾನುಷ ಆತ್ಮವು ಬೇತ್ಲೆಹೇಮಿನಲ್ಲಿ ಆರಂಭವಾದದ್ದಲ್ಲ. ಲೋಕೋತ್ಪತ್ತಿಗೆ ಮೊದಲೇ ದೇವರು ಅದನ್ನು ಸೃಷ್ಟಿಸಿ, ತನ್ನ ದೈವತ್ವದೊಡನೆ ಐಕ್ಯಮಾಡಿದನು. ಹಾಗರಳಿಗೂ ಉರಿಯುವ ಪೊದೆಯಲ್ಲಿ ಮೋಶೆಗೂ ಯೆಹೋವನ ದೂತನಾಗಿ ಕಾಣಿಸಿಕೊಂಡವನು ಈತನೇ. ಕಾಲವು ಪೂರ್ಣವಾದಾಗ ಆ ಆತ್ಮವು ಮರಿಯಳಲ್ಲಿ ದೇಹವನ್ನು ಮಾತ್ರ ಧರಿಸಿಕೊಂಡಿತು. 1746ರಲ್ಲಿ ಅಚ್ಚಾದ ಕ್ರಿಸ್ತನ ಮಹಿಮೆಯ ಪುಸ್ತಕದಲ್ಲಿ, ದಾನಿಯೇಲನ ಗ್ರಂಥದಲ್ಲಿ ಇಸ್ರಾಯೇಲಿನ ಪ್ರಭುವೆಂದು ಕಾಣುವ ಮೀಕಾಯೇಲನು ಈ ಕ್ರಿಸ್ತನೇ ಎಂಬ ಅಭಿಪ್ರಾಯಕ್ಕೂ ಅವರು ಒಲಿದರು. ಇಸ್ರಾಯೇಲಿಗೆ ಅರಸನು ಕ್ರಿಸ್ತನೇ ಆಗಿರಲಾಗಿ, ಇಸ್ರಾಯೇಲಿನ ಪ್ರಭುವೆಂಬ ಹೆಸರು ಬೇರೆ ಯಾರಿಗೆ ಸಲ್ಲುವದು ಎಂಬದು ಅವರ ಆಲೋಚನೆ.

ಇದರಲ್ಲಿ ಅವರು ಒಂಟಿಯಲ್ಲ. ಅವರಿಗಿಂತ ಮುಂಚೆ ಕಾಲ್ವಿನ್ ಅಯ್ಯನವರು ದಾನಿಯೇಲ 12ನೆಯ ಅಧ್ಯಾಯದ ಮೀಕಾಯೇಲನನ್ನು ಕ್ರಿಸ್ತನೆಂದೇ ತಿಳಿದರು. ವಾಟ್ಸ್ ಅಯ್ಯನವರ ಕಾಲದಲ್ಲಿಯೇ ಲಂಡನಿನ ಬಾಪ್ಟಿಸ್ಟ್ ಬೋಧಕರಾದ ಜಾನ್ ಗಿಲ್ ಅಯ್ಯನವರೂ ಹಾಗೆಯೇ ಬರೆದರು. ಆದರೆ ಭೇದವನ್ನು ನೋಡಿರಿ. ಇವರಿಬ್ಬರಿಗೆ ದೂತನೆಂಬದು ಉದ್ಯೋಗದ ಹೆಸರು. ಕಳುಹಿಸಲ್ಪಟ್ಟವನು ಎಂದು ಅರ್ಥ. ಸೃಷ್ಟಿಸಲ್ಪಡದ ನಿತ್ಯ ಮಗನೇ ಆ ಹೆಸರಿನಿಂದ ಕಾಣಿಸಿಕೊಂಡನೆಂದು ಅವರು ಹೇಳಿದರು. ಸೆವೆಂತ್ ಡೇ ಸಭೆಯವರು ಇಂದು ಹೇಳುವದೂ ಇದಕ್ಕೆ ಹತ್ತಿರವೇ. ಅಮೇರಿಕದ ರಸಲ್ ಎಂಬವರಿಂದ ಹೊರಟು 1931ರಿಂದ ಯೆಹೋವನ ಸಾಕ್ಷಿಗಳೆಂಬ ಹೆಸರು ಹೊಂದಿದವರಾದರೋ ಅದೇ ಮಾತನ್ನು ಹೇಳಿದರೂ ಬೇರೆ ಅರ್ಥದಲ್ಲಿ ಹೇಳುತ್ತಾರೆ: ಮಗನು ದೇವರ ಮೊದಲನೆಯ ಸೃಷ್ಟಿ, ಆತನೇ ಮೀಕಾಯೇಲನು, ದೇವರಿಗೆ ಸಲ್ಲುವ ಆರಾಧನೆಯು ಆತನಿಗೆ ಸಲ್ಲದು ಎಂಬದು ಅವರ ಬೋಧನೆ. ವಾಟ್ಸ್ ಅಯ್ಯನವರು ಈ ಎರಡರ ನಡುವೆ ಒಂದು ಇಕ್ಕಟ್ಟಾದ ಗಟ್ಟಿನ ಮೇಲೆ ನಡೆದರು. ಆತ್ಮವು ಸೃಷ್ಟಿ, ಅದರಲ್ಲಿ ವಾಸಿಸುವ ದೈವತ್ವವೋ ಸೃಷ್ಟಿಯಲ್ಲ. ಆದದರಿಂದ ಆತನು ಆರಾಧನೆಗೆ ಯೋಗ್ಯನೇ ಎಂದು ಅವರು ಹಿಡಿದುಕೊಂಡರು.

ಇದನ್ನು ನಾವು ಒಪ್ಪಲಾರೆವು. ಲೋಕಕ್ಕೆ ಮುಂಚಿನಿಂದ ಎಲ್ಲಾ ತಿಳಿದಿದ್ದ ಆತ್ಮವಾದರೆ, ಬಾಲಕನಾದ ಯೇಸು ಜ್ಞಾನದಲ್ಲಿ ವೃದ್ಧಿಯಾದನೆಂದು ಲೂಕನು ಬರೆದದ್ದು ಹೇಗೆ? ಎಲ್ಲಾ ವಿಷಯಗಳಲ್ಲಿ ತನ್ನ ಸಹೋದರರಿಗೆ ಸಮಾನನಾದನೆಂಬ ಇಬ್ರಿಯರ ಪತ್ರಿಕೆಯ ಮಾತು ಎಲ್ಲಿ ನಿಲ್ಲುವದು? ನಮ್ಮ ಆತ್ಮಗಳು ಹಾಗೆ ಮುಂಚಿನಿಂದ ಇದ್ದವುಗಳಲ್ಲವಷ್ಟೆ. ಮೀಕಾಯೇಲನ ವಿಷಯದಲ್ಲಿಯೂ ವೇದದ ಮಾತು ಆ ಕಡೆಗೆ ಬಾಗುವದಿಲ್ಲವೆಂದು ನಮಗೆ ತೋರುತ್ತದೆ. ದಾನಿಯೇಲ 10ನೆಯ ಅಧ್ಯಾಯವು ಅವನನ್ನು ಪ್ರಧಾನರಲ್ಲಿ ಒಬ್ಬನೆಂದು ಕರೆಯುತ್ತದೆ. ಒಬ್ಬನೆಂದ ಮೇಲೆ ಅವನ ಸಮಾನರೂ ಉಂಟು. ಯೂದನ ಪತ್ರಿಕೆಯಲ್ಲಿ ಮೀಕಾಯೇಲನು ಸೈತಾನನ ಮೇಲೆ ದೂಷಣೆಯ ತೀರ್ಪನ್ನು ಹೇಳುವದಕ್ಕೆ ಧೈರ್ಯಗೊಳ್ಳದೆ, ಗದರಿಸುವದನ್ನು ಕರ್ತನಿಗೆ ಬಿಡುತ್ತಾನೆ; ನಮ್ಮ ಕರ್ತನಾದರೋ ಅಡವಿಯಲ್ಲಿ ಅದೇ ಸೈತಾನನಿಗೆ ತಾನೇ ಅಪ್ಪಣೆಕೊಟ್ಟು ಓಡಿಸಿದನು. ಕರ್ತನು ಪ್ರಧಾನದೂತನ ಶಬ್ದದೊಡನೆ ಇಳಿದುಬರುವನೆಂದು ಥೆಸಲೋನಿಕದವರಿಗೆ ಬರೆದದ್ದನ್ನು ಕೆಲವರು ಹಿಡಿಯುತ್ತಾರೆ. ಆದರೆ ಅದೇ ವಚನದಲ್ಲಿ ತುತೂರಿಯ ಧ್ವನಿಯೂ ಇದೆ. ದೊರೆಯು ಕಹಳೆಯ ಶಬ್ದದೊಡನೆ ಊರಿಗೆ ಬಂದರೆ, ಕಹಳೆ ಊದುವವನೇ ದೊರೆಯೆಂದು ಯಾವ ಹಳ್ಳಿಯವನೂ ತಿಳಿಯುವದಿಲ್ಲ.

ಎಲ್ಲಾದಕ್ಕಿಂತ ಹೆಚ್ಚಾಗಿ ಇದು ಆರಾಧನೆಯ ಪ್ರಶ್ನೆ. ಪ್ರಕಟನೆಯ ಕೊನೆಯ ಅಧ್ಯಾಯದಲ್ಲಿ ಯೋಹಾನನು ದೂತನ ಪಾದಕ್ಕೆ ಬೀಳುತ್ತಾನೆ. ದೂತನು ಕೂಡದೆಂದು ತಡೆದು, ತಾನೂ ಜೊತೆಯ ದಾಸನೆಂದು ತಿಳಿಸುತ್ತಾನೆ. ಐದನೆಯ ಅಧ್ಯಾಯದಲ್ಲಿ ಸ್ವರ್ಗವೆಲ್ಲಾ ಕುರಿಯಾದಾತನ ಮುಂದೆ ಬೀಳುತ್ತದೆ, ತಡೆಯುವವನಿಲ್ಲ. ದೇವರುಗಳೆನಿಸಿಕೊಂಡ ಅನೇಕರನ್ನು ಬಿಟ್ಟು ಒಬ್ಬನ ಬಳಿಗೆ ಬಂದ ನಮ್ಮವರಿಗೆ, ಆ ಒಬ್ಬನು ಸೃಷ್ಟಿಯೋ ಸೃಷ್ಟಿಕರ್ತನೋ ಎಂಬದು ಪಂಡಿತರ ವಿನೋದವಲ್ಲ. ವಾಟ್ಸ್ ಅಯ್ಯನವರ ತರ್ಕವು ತೊಡರಿದರೂ ಅವರ ಮೊದಲನೆಯ ಗೀತವು ತೊಡರಲಿಲ್ಲ.

ಅವರ ಪುಸ್ತಕಗಳು ಯಾರನ್ನೂ ಸಮಾಧಾನಪಡಿಸಲಿಲ್ಲ. ಲಂಡನಿನ ತಾಮಸ್ ಬ್ರಾಡ್‌ಬರಿ ಎಂಬ ಬೋಧಕರು ಬಹು ಕಠಿಣವಾದ ಪತ್ರಗಳನ್ನು ಬರೆದು ಅವರನ್ನು ನೋಯಿಸಿದರು. ವಾಟ್ಸ್ ಅಯ್ಯನವರು ಸಾತ್ವಿಕತ್ವದಿಂದಲೇ ಉತ್ತರಕೊಟ್ಟರು. ಅತ್ತ ತ್ರಯೈಕತ್ವವನ್ನು ನಂಬದವರು, ಅವರ ಮರಣದ ಬಳಿಕ, ಅವರು ಕಡೆಗೆ ನಮ್ಮ ಪಕ್ಷಕ್ಕೆ ಬಂದರೆಂದು ಹೇಳಿಕೊಂಡರು. ಅವರೇ ಅಚ್ಚುಹಾಕಿಸಿದ ಕಡೇ ಪುಸ್ತಕಗಳಲ್ಲಿ ಅಂಥಾ ಮಾತಿಲ್ಲ. ಅಲ್ಲಿ ಕ್ರಿಸ್ತನು ದೇವರೂ ಮನುಷ್ಯನೂ ಆಗಿಯೇ ಇದ್ದಾನೆ.

ಅವರ ಮನಸ್ಸಿನ ಕಷ್ಟವು ಎಷ್ಟೆಂಬದು ಅವರು ಬರೆದಿಟ್ಟ ಒಂದು ದೀರ್ಘವಾದ ಪ್ರಾರ್ಥನೆಯಿಂದ ತಿಳಿಯುತ್ತದೆ. ವಿದ್ಯಾವಂತರೂ ಭಕ್ತರೂ ದಾರಿತಪ್ಪಿದ ಈ ಬೋಧನೆಯನ್ನು ಬಲಹೀನರಾದ ಸಾಮಾನ್ಯ ಜನರು ಹೇಗೆ ಗ್ರಹಿಸುವರೆಂದು ಅವರು ದೇವರ ಮುಂದೆ ಮೊರೆಯಿಡುತ್ತಾರೆ. ತನ್ನನ್ನು ತಪ್ಪಿಗೆ ಬಿಡಬಾರದೆಂದು ಬೇಡಿಕೊಳ್ಳುತ್ತಾರೆ. ಓದು ಬಾರದ ಮುದುಕಿಗೆ ಉಪದೇಶಮಾಡುವ ನಾವು ಈ ಮೊರೆಯನ್ನು ಚೆನ್ನಾಗಿ ಬಲ್ಲೆವು.

1748ರಲ್ಲಿ ಅವರು ಪೂರಾ ಹಾಸಿಗೆ ಹಿಡಿದರು. ಬಳಿಗೆ ಬಂದವರೊಡನೆ ಮೀಕಾಯೇಲನ ವಿಷಯವಾಗಿ ಅಲ್ಲ, ವಾಗ್ದಾನಗಳ ವಿಷಯವಾಗಿ ಮಾತಾಡಿದರು. ಎಷ್ಟು ಓದಿದವನಿಗೂ ಮರಣಕಾಲದಲ್ಲಿ ಆಧಾರವಾಗುವದು ಓದದವರಿಗೆ ಆಧಾರವಾಗುವ ಅದೇ ಸರಳವಾದ ಸುವಾರ್ತೆಯ ವಾಗ್ದಾನಗಳೆಂದೂ, ಅವುಗಳನ್ನು ತಿಳಿಯುವದಕ್ಕೆ ಪಾಂಡಿತ್ಯ ಬೇಕಾಗಿಲ್ಲದ್ದಕ್ಕಾಗಿ ತಾನು ದೇವರನ್ನು ಸ್ತುತಿಸುತ್ತೇನೆಂದೂ ಹೇಳಿದರು. ನವೆಂಬರ್ 25ರಂದು, ತಮ್ಮ 74ನೆಯ ವಯಸ್ಸಿನಲ್ಲಿ, ಕರ್ತನಲ್ಲಿ ನಿದ್ರೆಹೋದರು. ಯಾತ್ರಿಕನ ಸಂಚಾರವನ್ನು ಬರೆದ ಜಾನ್ ಬನ್ಯನರ ಸಮಾಧಿಯಿರುವ ಲಂಡನಿನ ಬನ್‌ಹಿಲ್ ಫೀಲ್ಡ್ಸ್ ಎಂಬ ಸ್ಮಶಾನಭೂಮಿಯಲ್ಲಿ ಅವರನ್ನು ಹೂಣಿಟ್ಟರು. ಅವರ ಇಷ್ಟದಂತೆ ಸ್ವತಂತ್ರ ಸಭೆಯ ಇಬ್ಬರು, ಪ್ರೆಸ್ಬಿಟೇರಿಯನ್ ಸಭೆಯ ಇಬ್ಬರು, ಬಾಪ್ಟಿಸ್ಟ್ ಸಭೆಯ ಇಬ್ಬರು ಬೋಧಕರು ಶವದ ಸಂಗಡ ನಡೆದುಹೋದರು.